ಫ್ಲಾರಿಡಾದಲ್ಲಿ ಕ್ಯೂಬಾ ಇತಿಹಾಸ ನೋಡುವುದು ಹೇಗೆ

ಊರಿಂದ ಬಂದವರನ್ನು ಡಿಸ್ನಿ ಮುಗಿದ ಮೇಲೆ ನಾನು ಕರೆದುಕೊಂಡು ಹೋಗುವ ದಾರಿ ಇದು. ಎರಡು ದಿನ, ಒಂದು ಕಾರು ಇದ್ದರೆ ಸಾಕು. ಎಲ್ಲರೂ ಮಯಾಮಿಯಿಂದ ಶುರು ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಮಾಡಿದರೆ ಕ್ಯೂಬಾದವರು ದೇಶ ಬಿಟ್ಟಿದ್ದೇ ಫಿಡೆಲ್ ಕ್ಯಾಸ್ಟ್ರೊ ಬಂದ ಮೇಲೆ ಅನ್ನಿಸಿಬಿಡುತ್ತದೆ.

ಮೊದಲ ದಿನ ಟ್ಯಾಂಪಾದ ಈಬೋರ್ ಸಿಟಿಗೆ ಇಡಿ. ಬೀದಿಯಲ್ಲಿ ಕೋಳಿಗಳು ಆರಾಮಾಗಿ ಓಡಾಡುತ್ತಿರುತ್ತವೆ, ಗಾಬರಿಯಾಗಬೇಡಿ. ಆಗ ಸ್ಪೇನ್ ಆಳುತ್ತಿದ್ದ ಕ್ಯೂಬಾದಲ್ಲಿ 1868ರಲ್ಲಿ ಸೆಸ್ಪೆದೆಸ್ ಎಂಬ ಜಮೀನ್ದಾರ ತನ್ನ ಸಕ್ಕರೆ ಗಿರಣಿಯ ಗುಲಾಮರನ್ನು ಬಿಡುಗಡೆ ಮಾಡಿ ಸ್ಪೇನ್ ವಿರುದ್ಧ ದಂಗೆ ಎದ್ದ. ಹತ್ತು ವರ್ಷ ಯುದ್ಧ ನಡೆದರೂ ಸ್ವಾತಂತ್ರ್ಯ ಸಿಗಲಿಲ್ಲ. ಆ ಗಲಾಟೆಯಲ್ಲಿ ಅಲ್ಲಿಯ ಸಿಗಾರ್ ಕಾರ್ಖಾನೆಗಳು ಮೊದಲು ಫ್ಲಾರಿಡಾದ ದಕ್ಷಿಣ ತುದಿಯ ದ್ವೀಪ ಕೀ ವೆಸ್ಟ್‌ಗೆ, 1886ರ ಹೊತ್ತಿಗೆ ಇಲ್ಲಿಗೆ ಬಂದವು.

ಇಲ್ಲಿಯ ಇಟ್ಟಿಗೆ ಕಾರ್ಖಾನೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕೆಲಸಗಾರರು ಸಿಗಾರ್ ಸುತ್ತುತ್ತಿದ್ದರೆ, ಎತ್ತರದ ಪೀಠದಲ್ಲಿ ಕೂತ ಒಬ್ಬ ಗಟ್ಟಿಯಾಗಿ ಪತ್ರಿಕೆ, ಕಾದಂಬರಿ ಓದುತ್ತಿದ್ದ. ಅವನ ಸಂಬಳ ಕೊಡುತ್ತಿದ್ದವರು ಮಾಲೀಕರಲ್ಲ, ಕೆಲಸಗಾರರೇ. ಲೋಕದ ಸುದ್ದಿಯೆಲ್ಲ ಗೊತ್ತಿದ್ದ ಜನ. 1891ರಲ್ಲಿ ಕ್ಯೂಬಾ ಸ್ವಾತಂತ್ರ್ಯ ಹೋರಾಟದ ನಾಯಕ ಹೊಸೆ ಮಾರ್ತಿ ಬಂದು ಭಾಷಣ ಮಾಡಿದಾಗ ಇವರೇ ಕೂಲಿಯಲ್ಲಿ ಪಾಲು ತೆಗೆದು ಹೋರಾಟಕ್ಕೆ ಕೊಟ್ಟರು. 1895ರಲ್ಲಿ ಮಾರ್ತಿ ಯುದ್ಧದಲ್ಲಿ ಸತ್ತ.

ಅವನ ಹೆಸರಿನ ಪುಟ್ಟ ಪಾರ್ಕ್ ಹುಡುಕಿ. ಅವನಿಗೆ ಆಶ್ರಯ ಕೊಟ್ಟ ಕಪ್ಪು ಮಹಿಳೆ ಪೌಲೀನಾ ಪೆದ್ರೊಸೊ ಅವರ ಮನೆ ಇದ್ದ ಜಾಗ ಅದು. ಕಾಗದಪತ್ರದಲ್ಲಿ ಆ ಜಾಗ ಇವತ್ತಿಗೂ ಕ್ಯೂಬಾ ಸರ್ಕಾರದ್ದೇ! ಗೇಟು ಹಾಕಿದ್ದರೆ ಕಂಬಿಯಿಂದಲೇ ನೋಡಿ.

ಮರುದಿನ ಮಯಾಮಿ. ಐ-75 ಹೆದ್ದಾರಿ ಬೇಗ ಮುಟ್ಟಿಸುತ್ತದೆ, ಆದರೆ ನೇಪಲ್ಸ್ ದಾಟಿದ ಮೇಲೆ ಯುಎಸ್ 41 ಹಿಡಿಯಿರಿ. ಜೌಗಿನಲ್ಲಿ ಮೊಸಳೆ ಕಾಣುತ್ತದೆ, ಅದೇ ರಸ್ತೆ ಮಯಾಮಿಯಲ್ಲಿ ಕ್ಯೂಬಾದವರ ಬೀದಿಯಾದ ಕಾಯೆ ಓಚೊಗೆ ಹೋಗಿ ಸೇರುತ್ತದೆ. ಸ್ಮಾರಕಗಳಲ್ಲಿ ಜಾಸ್ತಿ ಸಿಗದ ಭಾಗವನ್ನು ಕಾರಿನಲ್ಲೇ ಹೇಳಿ ಮುಗಿಸಿ. 1898ರಲ್ಲಿ ಅಮೆರಿಕ ಸ್ಪೇನನ್ನು ಸೋಲಿಸಿತು. 1902ರಲ್ಲಿ ಕ್ಯೂಬಾಗೆ ಸ್ವಾತಂತ್ರ್ಯ ಕೊಟ್ಟರೂ, ಬೇಕೆಂದಾಗ ಕೈಹಾಕುವ ಹಕ್ಕನ್ನು ಪ್ಲಾಟ್ ತಿದ್ದುಪಡಿಯ ಮೂಲಕ ತನ್ನಲ್ಲೇ ಇಟ್ಟುಕೊಂಡಿತು. ಇದು ಗೊತ್ತಿಲ್ಲದಿದ್ದರೆ ಕ್ರಾಂತಿಯ ಸಿಟ್ಟು ಅರ್ಥವಾಗುವುದಿಲ್ಲ. 1952ರಲ್ಲಿ ಬಟಿಸ್ಟಾ ಎಂಬ ಸೇನಾ ನಾಯಕ ಚುನಾವಣೆಗೆ ಮುಂಚೆಯೇ ಅಧಿಕಾರ ಕಿತ್ತುಕೊಂಡ. 1956ರಲ್ಲಿ ಅವನನ್ನು ಉರುಳಿಸಲು ಕ್ಯಾಸ್ಟ್ರೊ 81 ಜನರೊಂದಿಗೆ ಗ್ರಾನ್ಮಾ ದೋಣಿಯಲ್ಲಿ ಬಂದಿಳಿದ. 1959ರ ಜನವರಿ 1ಕ್ಕೆ ಬಟಿಸ್ಟಾ ಪರಾರಿ.

ಕಾಯೆ ಓಚೊಗೆ ಕ್ಯಾಸ್ಟ್ರೊನ ಜೊತೆಗಾರ ಚೆ ಗೆವಾರನ ಟೀ ಶರ್ಟ್ ಹಾಕಿಕೊಂಡು ಹೋಗಬೇಡಿ. ನಮ್ಮ ಕಡೆ ಅದು ಫ್ಯಾಷನ್. ಇಲ್ಲಿ ಯಾರದೋ ಅಪ್ಪ ಕ್ಯಾಸ್ಟ್ರೊನ ಜೈಲಿನಲ್ಲಿ ಕೊಳೆತಿರಬಹುದು, ಅಲ್ವಾ? ಹದಿಮೂರನೇ ಅವೆನ್ಯೂದಲ್ಲಿ ಬ್ರಿಗೇಡ್ 2506ರ ಸ್ಮಾರಕವಿದೆ. 1961ರ ಏಪ್ರಿಲ್‌ನಲ್ಲಿ ಕ್ಯಾಸ್ಟ್ರೊನನ್ನು ಉರುಳಿಸಲು ಕ್ಯೂಬಾದ ಬೇ ಆಫ್ ಪಿಗ್ಸ್ ತೀರಕ್ಕೆ ಹೋಗಿ ಸೋತ, ದೇಶ ಬಿಟ್ಟುಬಂದ ಕ್ಯೂಬಾದವರ ಪಡೆ ಅದು. ಫ್ರೀಡಂ ಟವರ್ ಡೌನ್‌ಟೌನ್‌ನಲ್ಲಿದೆ. 1962ರಿಂದ 1974ರವರೆಗೆ ನಿರಾಶ್ರಿತರಿಗೆ ಅಲ್ಲೇ ನೆರವು ಸಿಗುತ್ತಿತ್ತು. ತೆರೆದಿದೆಯಾ ನೋಡಿಕೊಂಡು ಹೋಗಿ.

ನಿಜವಾದ ಪಾಠ ಕಾಯೆ ಓಚೊದ ಡೊಮಿನೊ ಪಾರ್ಕಿನಲ್ಲಿ ಆಟವಾಡುವ ಕ್ಯೂಬಾದ ಅಜ್ಜಂದಿರದ್ದು. ರಾಜಕೀಯ ಕೆದಕಬೇಡಿ, "ಯಾವ ವರ್ಷ ಬಂದಿರಿ?" ಅಂತ ಕೇಳಿ. 1960 ಅಂದರೆ ಮನೆ, ಜಮೀನು ಬಿಟ್ಟು ಬಂದವರಿರಬಹುದು. 1961, ಆಗ ಚಿಕ್ಕ ಹುಡುಗ ಅಂದರೆ, ಅಪ್ಪ ಅಮ್ಮ ಇಲ್ಲದೆ ಕಳಿಸಲ್ಪಟ್ಟ 14,000 ಮಕ್ಕಳಲ್ಲಿ ಒಬ್ಬರಿರಬಹುದು. 1980 ಅಂದರೆ ಮಾರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಬಂದ ಸುಮಾರು 1,25,000 ಜನರ ಗುಂಪು. 1994 ಅಂದರೆ ತೆಪ್ಪದಲ್ಲಿ ಸಮುದ್ರ ದಾಟಿ ಬಂದವರಿರಬಹುದು. ಒಬ್ಬೊಬ್ಬರು ಬಿಟ್ಟುಬಂದ ಕ್ಯೂಬಾ ಬೇರೆ ಬೇರೆ. ಆಟದ ಮಧ್ಯೆ ಮಾತ್ರ ಕೇಳಬೇಡಿ, ಒಂದು ಸುತ್ತು ಮುಗಿಯಲಿ.