ಅಪ್ಪನ ಮಾರುತಿಗೆ ಹೊಂದಿದ ಆಯಿಲ್

ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ನಿಂತಿದ್ದಾಗ ಎಂಜಿನ್‌ನಲ್ಲಿ ಆಯಿಲ್ ಪ್ರೆಶರ್ ಇಳಿದರೆ ಹತ್ತುವ ಆಯಿಲ್ ಲೈಟ್ ಮಿಣುಕ್ ಅಂತು. ಏಪ್ರಿಲ್ ತಿಂಗಳು. ಚಿತ್ರದುರ್ಗದಿಂದ ದಾವಣಗೆರೆಗೆ ಎಲ್ಲೂ ನಿಲ್ಲಿಸದೆ ಬಂದಿದ್ದೆ. ಆಕ್ಸಿಲರೇಟರ್ ಒತ್ತಿದರೆ ಲೈಟ್ ಮಾಯ, ಬಿಟ್ಟರೆ ಮತ್ತೆ ಮಿಣುಕು. ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಆಯಿಲ್ ಅಳೆಯುವ ಗೇಜ್ ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗುರುತಿಗೇ ಇತ್ತು.

ಅಪ್ಪನ 2002ರ ಮಾರುತಿ 800 ಅದು. ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ಓಡಿದೆ, ಹೊಗೆಯನ್ನೂ ಬಿಡುತ್ತಿತ್ತು. ದುಬಾರಿ ಆಯಿಲ್ ಹಾಕಿದರೆ ಎಂಜಿನ್‌ಗೆ ಒಳ್ಳೇದು ಅಂದುಕೊಂಡು ಹಿಂದಿನ ತಿಂಗಳಷ್ಟೇ 5ಡಬ್ಲ್ಯು-30 ಗ್ರೇಡಿನ ಫುಲ್ ಸಿಂಥೆಟಿಕ್ ಹಾಕಿಸಿದ್ದೆ.

ಗ್ಯಾರೇಜಿನ ಮೇಸ್ತ್ರಿ ಗೇಜಿನ ತುದಿಯ ಆಯಿಲ್ ಬೆರಳಲ್ಲಿ ಉಜ್ಜಿ ನೋಡಿದರು. "ತೆಳ್ಳಗಾಗೇತಿ ಸರ. 20-50 ಹಾಕ್ಸ್ರಿ, ಹೊಗೆನೂ ನಿಲ್ತತಿ" ಅಂದರು. ಅಂದರೆ ಇನ್ನೂ ಗಟ್ಟಿಯಾದ 20ಡಬ್ಲ್ಯು-50. ಹಾಕಿಸಿದೆ. ಲೈಟ್ ಏನೋ ನಿಂತಿತು. ಆದರೆ ಡಿಸೆಂಬರ್ ಬಂದಾಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಮೇಲ್ಭಾಗದ ಟ್ಯಾಪೆಟ್ ಕಡೆಯಿಂದ ನಾಲ್ಕೈದು ಸೆಕೆಂಡ್ ಟಕಟಕ ಸದ್ದು. ಗಟ್ಟಿ ಆಯಿಲ್ ಮೇಲೆ ಹತ್ತೋಕೆ ತಡ ಮಾಡುತ್ತೆ ನೋಡಿ. ಪಿಕಪ್ಪೂ ಭಾರ. ಹೊಗೆ ಮಾತ್ರ ಹಾಗೇ ಇತ್ತು.

ಆಮೇಲೆ ಹೊಗೆಯನ್ನೇ ಗಮನಿಸೋಕೆ ಶುರು ಮಾಡಿದೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ನೀಲಿ ಹೊಗೆ ಒಂದು ಸಲ ಬುಸ್ ಅಂತ ಬಂದು ನಿಲ್ಲುತ್ತಿತ್ತು. ರೋಡಲ್ಲಿ ಎಷ್ಟು ಒತ್ತಿದರೂ ಇಲ್ಲ. ಹೀಗಿದ್ದರೆ ಹೆಚ್ಚಾಗಿ ವಾಲ್ವ್ ಸೀಲ್, ಅಂದರೆ ವಾಲ್ವ್ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ರಬ್ಬರ್, ಹೋಗಿರುತ್ತೆ. ಓಡುವಾಗಲೂ ಹೊಗೆ ಬಿಡುತ್ತಿದ್ದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ ಪಡಬೇಕು. ರಬ್ಬರ್ ಸೀಲ್ ಒಣಗಿದ್ದಕ್ಕೆ ಆಯಿಲ್ ಗಟ್ಟಿ ಮಾಡಿ ಏನು ಪ್ರಯೋಜನ? ಸೀಲ್ ಬದಲಿಸಿದೆವು, ಬೆಳಗಿನ ಹೊಗೆ ನಿಂತಿತು.

ಗ್ರೇಡ್ ವಿಷಯ ಉಳಿಯಿತು. ಡಬ್ಲ್ಯು ಅಂದರೆ ವಿಂಟರ್. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಹೇಳುತ್ತೆ. ಸೊನ್ನೆಗಿಂತ ಕೆಳಗಿನ ಚಳಿಯ ಲೆಕ್ಕ ಅದು. ನಮ್ಮೂರಿಗೆ 5 ಯಾಕೆ? ಎರಡನೆಯ ಅಂಕಿಯೇ ನಮಗೆ ಮುಖ್ಯ. ಅದು 100 ಡಿಗ್ರಿ ಕಾವಿನಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತೆ ಅನ್ನೋದು. ಸವೆದ ಬೇರಿಂಗ್‌ನಲ್ಲಿ ಸಂದು ಜಾಸ್ತಿ. ಕಾದ 30 ಅಲ್ಲಿಂದ ಬೇಗ ಜಾರಿಹೋಗಿ ಪ್ರೆಶರ್ ಇಳಿಯುತ್ತಿತ್ತು. ಹಾಗಂತ 50ಕ್ಕೆ ಹಾರುವ ಅಗತ್ಯವೂ ಇರಲಿಲ್ಲ. 15ಡಬ್ಲ್ಯು-40 ಹಾಕಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಮೇಸ್ತ್ರಿ ಹತ್ತಿರ ಪ್ರೆಶರ್ ಮೀಟರ್ ಹಚ್ಚಿಸಿ ನೋಡಿದೆ. ಐಡ್ಲಿಂಗ್‌ನಲ್ಲೂ ಸರಿಯಾಗಿತ್ತು.

ಅಂಗಡಿಯಲ್ಲಿ ಸುಮ್ನೆ "15-40 ಕೊಡಿ" ಅಂದರೆ ಡೀಸೆಲ್ ಗಾಡಿಯ ಡಬ್ಬಿ ಕೈಗೆ ಬರಬಹುದು. ಡಬ್ಬಿಯ ಹಿಂದೆ ಎಪಿಐ ಅಂತ ಆಯಿಲ್ ದರ್ಜೆಯ ಗುರುತು ಇರುತ್ತಲ್ವಾ, ಅಲ್ಲಿ ಎಸ್‌ಎಲ್, ಎಸ್‌ಎಮ್, ಎಸ್‌ಎನ್ ಹೀಗೆ 'ಎಸ್'ನಿಂದ ಶುರುವಾಗುವ ಅಕ್ಷರ ಇದ್ದರೆ ಪೆಟ್ರೋಲ್ ಎಂಜಿನ್‌ಗೆ. ಸಿಐ-4 ಥರ 'ಸಿ' ಒಂದೇ ಇದ್ದರೆ ಡೀಸೆಲ್‌ದು. 20ಡಬ್ಲ್ಯು-40 ಕೇಳಿದರೆ ಬೈಕಿನದ್ದೇ ಮುಂದಿಡುತ್ತಾರೆ, ಅದೂ ಬೇಡ.

ಅಪ್ಪ ಈಗಲೂ ಡಿಕ್ಕಿಯಲ್ಲಿ ಒಂದು ಲೀಟರ್ ಡಬ್ಬಿ ಇಟ್ಟುಕೊಂಡೇ ಹೊರಡುತ್ತಾರೆ. ಹೋದ ಸಲ 5000 ಕಿಲೋಮೀಟರ್‌ಗೆ ಆಯಿಲ್ ಬದಲಿಸುವಾಗ ನೋಡಿದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿದಿತ್ತು.