ಶಾಡ್ ಮೀನಿಗೆ ಮೊದಲು ಲೈನ್, ಆಮೇಲೆ ರಾಡ್

ಏಪ್ರಿಲ್ ಹತ್ತಿರವಾಗುತ್ತಿದ್ದಂತೆ ನ್ಯೂಜೆರ್ಸಿಯ ಕನ್ನಡ ಗೆಳೆಯರಲ್ಲಿ ಒಬ್ಬರಾದರೂ ಫೋನ್ ಮಾಡಿ, 'ಶಾಡ್ ಹಿಡಿಯುವುದಕ್ಕೆ ಯಾವ ಫ್ಲೈ ರಾಡ್ ಕೊಳ್ಳಲಿ?' ಎಂದು ಕೇಳುತ್ತಾರೆ. ಫ್ಲೈ ಎಂದರೆ ಕೊಕ್ಕೆಗೆ ಕಟ್ಟಿದ ಹಗುರವಾದ ಹುಸಿ ಎರೆ, ರಾಡ್ ಅದನ್ನು ಎಸೆಯುವ ಕೋಲು, ಲೈನ್ ಆ ಕೋಲಿನ ದಪ್ಪ ದಾರ. 'ನೀವು ನಿಲ್ಲುವ ಜಾಗದಲ್ಲಿ ನೀರು ಎಷ್ಟು ಆಳವಿದೆ?' ಎಂದು ನಾನು ತಿರುಗಿ ಕೇಳುತ್ತೇನೆ. ಅವರಿಗೆ ಇದು ಕೊಂಕಾಗಿ ಕೇಳಿಸುವುದುಂಟು. ಆದರೆ ಡೆಲವೇರ್ ನದಿಯಲ್ಲಿ ಹಲವು ವಸಂತಗಳನ್ನು ಕಳೆದ ನನ್ನ ಲೆಕ್ಕವೇ ಹಾಗೆ. ಮೊದಲು ಆಳ ಮತ್ತು ಸೆಳೆತ, ಅದಕ್ಕೆ ತಕ್ಕ ಲೈನ್, ಆ ಲೈನನ್ನು ಎಸೆಯಬಲ್ಲ ರಾಡ್ ಕೊನೆಗೆ. ಅಂಗಡಿಯಲ್ಲಿ ಮಾತ್ರ ರಾಡುಗಳು ಗೋಡೆಯುದ್ದಕ್ಕೂ ಮಿರಮಿರನೆ ನಿಂತಿರುತ್ತವೆ, ಲೈನ್ ಯಾವುದೋ ಡಬ್ಬಿಯೊಳಗೆ ಸುತ್ತಿಕೊಂಡಿರುತ್ತದೆ. ದುಡ್ಡೆಲ್ಲ ರಾಡಿಗೇ ಸುರಿಯುವುದು ಇದರಿಂದಲೇ.

ಶಾಡ್ ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಯೇರುವ ಮೀನು. ಹೆರಿಂಗ್ ಬಳಗದ್ದು, ನಮ್ಮ ಕರಾವಳಿಯ ಬೂತಾಯಿಗೂ ಬಂಗಾಳಿಗಳ ಇಲಿಶ್‌ಗೂ ನೆಂಟ. ಗಂಡು ಒಂದು, ಒಂದೂವರೆ ಕಿಲೋ ತೂಗಿದರೆ ಮೊಟ್ಟೆ ತುಂಬಿದ ಹೆಣ್ಣು ಎರಡು ಕಿಲೋ ದಾಟುತ್ತದೆ. ಡೆಲವೇರ್‌ನ ಮುಖ್ಯ ಹರಿವಿಗೆ ಎಲ್ಲಿಯೂ ಅಣೆಕಟ್ಟಿಲ್ಲವಾದ್ದರಿಂದ ಈ ಮೀನು ಟ್ರೆಂಟನ್, ಲ್ಯಾಂಬರ್ಟ್‌ವಿಲ್ ದಾಟಿ, ವಾಟರ್ ಗ್ಯಾಪ್ ಕಣಿವೆಯನ್ನೂ ಹಾದು ನ್ಯೂಯಾರ್ಕ್ ರಾಜ್ಯದ ಹ್ಯಾಂಕಾಕ್‌ವರೆಗೆ ಹೋಗುತ್ತದೆ. ಲ್ಯಾಂಬರ್ಟ್‌ವಿಲ್‌ನಲ್ಲಿ ಏಪ್ರಿಲ್ ಒಳ್ಳೆಯ ಕಾಲ, ಮೇಲ್ಭಾಗದಲ್ಲಿ ಮೇ. ನಾನು ಕ್ಯಾಲೆಂಡರಿಗಿಂತ ಥರ್ಮಾಮೀಟರನ್ನು ನಂಬುತ್ತೇನೆ: ನೀರು 13 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಜೆ ಹಾಕಲು ಅಡ್ಡಿಯಿಲ್ಲ.

ಲ್ಯಾಂಬರ್ಟ್‌ವಿಲ್‌ನ ಪುಟ್ಟ ದ್ವೀಪವೊಂದರಲ್ಲಿ ಲೂಯಿಸ್ ಕುಟುಂಬದವರು 1888ರಿಂದ ಶಾಡ್‌ಗೆ ಎಳೆಬಲೆ ಹಾಕುತ್ತ ಬಂದಿದ್ದಾರೆ. ಬಲೆಯ ಒಂದು ತುದಿ ದಡದಲ್ಲಿ, ಇನ್ನೊಂದನ್ನು ದೋಣಿ ಸುತ್ತು ಹಾಕಿ ತರುತ್ತದೆ, ಕೊನೆಗೆ ಎಲ್ಲರೂ ಸೇರಿ ಎಳೆಯುತ್ತಾರೆ. ಮಲ್ಪೆಯ ಕಡೆಯ ರಂಪಣಿ ಬಲೆ ನೋಡಿದವರಿಗೆ ಇದರಲ್ಲಿ ವಿವರಿಸಬೇಕಾದದ್ದೇನೂ ಇಲ್ಲ. ಶಾಡ್ ಎಲ್ಲಿ ಸಾಗುತ್ತದೆ ಎಂಬುದನ್ನು ತಿಳಿಯಲು ಆ ಬಲೆ ಎಳೆಯುವುದನ್ನು ಒಂದು ಸಂಜೆ ನೋಡಬೇಕು.

ಈಗ ಮುಖ್ಯ ವಿಷಯ. ನದಿಗೆ ಬಂದ ಶಾಡ್ ಹೆಚ್ಚೂಕಡಿಮೆ ಉಪವಾಸವಿರುತ್ತದೆ. ಹಸಿವಿಲ್ಲದ ಮೀನು ಫ್ಲೈ ಕಂಡಕೂಡಲೇ ಮೇಲೆದ್ದು ಬರುವುದಿಲ್ಲ. ಫ್ಲೈಯೇ ಅದರ ಮೂತಿಯ ಮಟ್ಟಕ್ಕೆ ಇಳಿದು, ನಿಧಾನವಾಗಿ ಎದುರು ಹಾಯ್ದರೆ ಸಿಡುಕಿಗೋ ಹಳೆಯ ಅಭ್ಯಾಸಕ್ಕೋ ಬಾಯಿ ಹಾಕುತ್ತದೆ. ಬಿಸಿಲಿರುವಾಗ ಅದು ಆಳದ ಕಾಲುವೆಯ ಅಂಚಿನಲ್ಲಿ, ತಳಕ್ಕೆ ಹತ್ತಿರದಲ್ಲೇ ಸಾಗುತ್ತದೆ. ಒಂದಡಿ ಮೇಲೆ ಹೋದ ಫ್ಲೈ ಹೋದಂತೆಯೇ.

ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಲೈನಿನ ತೂಕವೇ ಫ್ಲೈಯನ್ನು ಒಯ್ಯುತ್ತದೆ. ಲೈನಿನ ಮೊದಲ 30 ಅಡಿ ಎಷ್ಟು ಗ್ರೇನ್ ತೂಗುತ್ತದೆ ಎಂಬುದರ ಮೇಲೆ ಅದರ ನಂಬರು: 6ಕ್ಕೆ 160, 7ಕ್ಕೆ 185, 8ಕ್ಕೆ 210. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ, ಹಾಗಾಗಿ 7ನೇ ನಂಬರಿನ ಲೈನಿನ ಆ ಭಾಗ ಹನ್ನೆರಡು ಗ್ರಾಂ ಅಷ್ಟೇ. ರಾಡಿನ ಮೇಲೆ ಬರೆದಿರುವ ನಂಬರು ಅದು ಯಾವ ಲೈನಿನ ತೂಕಕ್ಕೆ ಸರಿಯಾಗಿ ಬಾಗುತ್ತದೆ ಎಂಬುದರ ಸೂಚನೆ. ಮೀನಿನ ಗಾತ್ರಕ್ಕೂ ಆ ನಂಬರಿಗೂ ನೇರ ಸಂಬಂಧವಿಲ್ಲ.

ನಾನು ಅತಿ ಹೆಚ್ಚು ಬಳಸುವುದು ಮುಂದಿನ 24 ಅಡಿ ಮಾತ್ರ ಮುಳುಗುವ, ಹಿಂದಿನದೆಲ್ಲ ತೇಲುವ, 200 ಗ್ರೇನ್‌ನ ಲೈನ್. ಹೊಳೆ ತುಂಬಿದ್ದರೆ 250. ಪೂರ್ತಿ ಮುಳುಗುವ ಲೈನನ್ನು ನದಿಯಲ್ಲಿ ನಿಂತು ಹಿಡಿಯುವವರಿಗೆ ನಾನು ಹೇಳುವುದಿಲ್ಲ. ಎಳೆದು ಬಿಟ್ಟ ಸುರುಳಿಗಳೆಲ್ಲ ಕಾಲಡಿಯ ಕಲ್ಲಿಗೆ ಸುತ್ತಿಕೊಳ್ಳುತ್ತವೆ, ಸೆಳೆತದ ಮೇಲೆ ಬಿದ್ದ ಲೈನನ್ನು ಎತ್ತಿ ಆಚೆ ಹಾಕುವ ದಾರಿಯೂ ಇರುವುದಿಲ್ಲ. ಕೈಗೆ ಸಿಗುವ ಭಾಗ ತೇಲುತ್ತಿದ್ದರೆ ಎರಡೂ ತೊಂದರೆ ತಪ್ಪುತ್ತವೆ.

ಪೊಟ್ಟಣದ ಮೇಲೆ 'ಟೈಪ್ 3', 'ಟೈಪ್ 6' ಎಂದಿರುತ್ತದೆ. ಆ ಅಂಕಿ ಹೆಚ್ಚುಕಡಿಮೆ ಸೆಕೆಂಡಿಗೆ ಎಷ್ಟು ಇಂಚು ಮುಳುಗುತ್ತದೆ ಎಂಬುದು. ಟೈಪ್ 6 ನಿಂತ ನೀರಿನಲ್ಲಿ ಆರಡಿ ಇಳಿಯಲು ಹನ್ನೆರಡು ಸೆಕೆಂಡು ಬೇಕು. ನದಿ ನಿಂತ ನೀರಲ್ಲ. ಹನ್ನೆರಡು ಸೆಕೆಂಡಿನಲ್ಲಿ ಸೆಳೆತ ಲೈನನ್ನು ಎಲ್ಲಿಗೋ ಒಯ್ದಿರುತ್ತದೆ. ಅದಕ್ಕೇ ನಾನು ಎದುರು ದಡಕ್ಕೆ ನೇರವಾಗಿ ಎಸೆಯದೆ, ತುಸು ಹರಿವಿನ ಮೇಲಕ್ಕೆ ಎಸೆದು, ತೇಲುವ ಭಾಗವನ್ನು ಎತ್ತಿ ಮೇಲ್ಗಡೆಗೆ ಹಾಕಿ, ರಾಡಿನ ತುದಿ ತಗ್ಗಿಸಿ ಕಾಯುತ್ತೇನೆ. ಲೈನ್ ಬಿಗಿಯಾಗಿ ಫ್ಲೈ ಅಡ್ಡಕ್ಕೆ ಹಾಯಲು ಶುರುವಾಗುವಾಗ ಅದು ತಳ ಸಮೀಪಿಸಿರಬೇಕು. ನಡುನಡುವೆ ಫ್ಲೈ ಕಲ್ಲಿಗೆ ತಾಗಿದರೆ ಲೈನ್ ಸರಿಯಿದೆ ಎಂದರ್ಥ. ಪ್ರತಿ ಸಲ ಸಿಕ್ಕಿಕೊಂಡರೆ ಭಾರ ಹೆಚ್ಚು, ಒಮ್ಮೆಯೂ ತಾಗದಿದ್ದರೆ ಕಡಿಮೆ.

ಹಲವು ಲೈನ್ ಕೊಳ್ಳಲು ಮನಸ್ಸಿಲ್ಲದವರಿಗೆ ಟಿ-14 ಎಂಬ ಭಾರದ ಲೈನಿದೆ. ಅಡಿಗೆ 14 ಗ್ರೇನ್. ಎಂಟು, ಹತ್ತು, ಹದಿನೈದು ಅಡಿಯ ತುಂಡುಗಳಾಗಿ ಕತ್ತರಿಸಿ, ತುದಿಗೆ ಕುಣಿಕೆ ಮಾಡಿಟ್ಟುಕೊಂಡರೆ ಸಾಕು. ಹದಿನೈದಡಿ ಎಂದರೆ 210 ಗ್ರೇನ್, 8ನೇ ನಂಬರಿನ ರಾಡಿಗೆ ಹೇಳಿಮಾಡಿಸಿದಂತೆ. ಎಸೆತ ಸೊಗಸಾಗಿರುವುದಿಲ್ಲ, ಕೆಲಸ ನಡೆಯುತ್ತದೆ.

ಇಲ್ಲಿ ಒಂದು ಸಣ್ಣ ವಸ್ತುವಿನಿಂದ ಇಡೀ ಏರ್ಪಾಡು ಕೆಡಬಹುದು, ಅದು ಲೈನಿನ ತುದಿಗೂ ಫ್ಲೈಗೂ ನಡುವಿನ ತೆಳು ದಾರ, ಲೀಡರ್. ಟ್ರೌಟ್ ಹಿಡಿದು ರೂಢಿಯಾದವರು ಒಂಬತ್ತಡಿ ಲೀಡರ್ ಕಟ್ಟುತ್ತಾರೆ. ಲೈನ್ ತಳದಲ್ಲಿ, ಫ್ಲೈ ಮಾತ್ರ ಒಂಬತ್ತಡಿಯ ದಾರದ ತುದಿಯಲ್ಲಿ ಮೇಲೆ ತೇಲಾಡುತ್ತಿರುತ್ತದೆ. ನಾನು ಮೂರೂವರೆ, ನಾಲ್ಕಡಿ ಮೀರುವುದಿಲ್ಲ. ಎಂಟೋ ಹತ್ತೋ ಪೌಂಡಿನ ಫ್ಲೋರೋಕಾರ್ಬನ್ ದಾರ, ತುದಿಯತ್ತ ಸಪೂರ ಮಾಡುವ ಗೋಜಿಲ್ಲ. ಫ್ಲೈ 6 ಅಥವಾ 8ನೇ ಅಳತೆಯ ಕೊಕ್ಕೆಗೆ ಮಣಿಸರದ ಕಣ್ಣು, ಗುಲಾಬಿ ಇಲ್ಲವೇ ಎಳೆ ಹಸಿರು ಬಣ್ಣ. ಬಣ್ಣದ ಬಗ್ಗೆ ದಡದಲ್ಲಿ ನಡೆಯುವ ವಾಗ್ವಾದಕ್ಕೆ ಕೊನೆಯಿಲ್ಲ, ನಾನು ಭಾಗವಹಿಸುವುದಿಲ್ಲ.

ರಾಡಿಗೆ ಬಂದರೆ ಒಂಬತ್ತಡಿ, 7ನೇ ನಂಬರು, ನಡುವಿನವರೆಗೂ ಬಾಗುವಂಥದ್ದು. 8 ಕೂಡ ನಡೆಯುತ್ತದೆ, ಗಾಳಿ ಜೋರಾದ ದಿನ ಅದೇ ಮೇಲು. 6ನೇ ನಂಬರಿನಲ್ಲಿ ಗಂಡು ಮೀನಿನ ಆಟ ಸೊಗಸು, ಆದರೆ 250 ಗ್ರೇನಿನ ಲೈನನ್ನು ನೀರಿನಿಂದ ಎಬ್ಬಿಸುವಾಗ ರಾಡ್ ನರಳುತ್ತದೆ. ತುದಿಯಷ್ಟೇ ಬಾಗುವ ಬಿರುಸು ರಾಡುಗಳನ್ನು ಮಾರುವವರು ಹೊಗಳುತ್ತಾರೆ. ಶಾಡ್‌ನ ಬಾಯಿಯ ಬದಿಯಲ್ಲಿರುವುದು ಕಾಗದದಷ್ಟು ತೆಳು ಪೊರೆ. ಮೀನು ಮಗುಚಿ ಸೆಳೆತಕ್ಕೆ ಅಡ್ಡ ತಿರುಗಿದ ಕ್ಷಣ ರಾಡ್ ಬಾಗದಿದ್ದರೆ ಕೊಕ್ಕೆ ಕೂತ ತೂತು ಉದ್ದಕ್ಕೆ ಹರಿದು ದಾರ ಸಡಿಲವಾಗುತ್ತದೆ. ಲೈನ್ ಸುತ್ತಿಡುವ ರೀಲಿನ ಬ್ರೇಕ್ ಕೂಡ ಇದೇ ಕಾರಣಕ್ಕೆ ಹಗುರವಾಗಿರಬೇಕು, ಮುಖ್ಯವಾಗಿ ಮೊದಲ ಎಳೆತಕ್ಕೆ ತಡವರಿಸದೆ ದಾರ ಬಿಡಬೇಕು. ಮೀನು ಕಚ್ಚುವುದು ಹೆಚ್ಚಾಗಿ ಫ್ಲೈ ಅಡ್ಡ ಹಾಯ್ದು ಕೆಳಗೆ ನೇರವಾಗಿ ನಿಂತಾಗ. ಬೆರಳಿಗೆ ಎರಡು ಸಲ ಕುಟ್ಟಿದಂತಾಗುತ್ತದೆ. ಆಗ ರಾಡನ್ನು ಮೇಲಕ್ಕೆ ಝಾಡಿಸಬಾರದು, ದಡದ ಕಡೆಗೆ ಮೆಲ್ಲನೆ ವಾಲಿಸಿದರೆ ಕೊಕ್ಕೆ ತಾನಾಗಿ ಕೂರುತ್ತದೆ.

ಬೆನ್ನ ಹಿಂದೆ ಮರಗಳಿರುವ ದಡದಲ್ಲಿ ಎರಡು ಕೈಯಿಂದ ಎಸೆಯುವ ಹನ್ನೊಂದಡಿಯ ಸ್ವಿಚ್ ರಾಡ್ ಬಹಳ ಅನುಕೂಲ. ಎಚ್ಚರವಿರಲಿ, ಅದರ 7 ನಂಬರು ಬೇರೆ ಲೆಕ್ಕ. ಅದು ಬೇಡುವ ಲೈನ್ ಒಂದು ಕೈಯ ರಾಡಿನ ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ. ಇದ್ದ ಲೈನನ್ನೇ ಹಾಕಿ ಎಸೆದರೆ ರಾಡಿಗೆ ಏನೂ ಕಟ್ಟಿಲ್ಲವೇನೋ ಎನ್ನಿಸುತ್ತದೆ. ಯಾವ ರಾಡ್ ಹಿಡಿದರೂ ಟೋಪಿ, ಕನ್ನಡಕ ಕಡ್ಡಾಯ. ಭಾರದ ಲೈನನ್ನು ಹತ್ತಿರಕ್ಕೆ ಎಳೆದು, ಮೊದಲು ಉರುಳಿಸಿ ನೀರಿನ ಮೇಲೆ ತಂದು, ಒಂದೇ ಒಂದು ಸಲ ಹಿಂದಕ್ಕೆ ಬೀಸಿ ಮುಂದಕ್ಕೆ ಬಿಡಬೇಕು. ಗಾಳಿಯಲ್ಲಿ ಹಿಂದೆ ಮುಂದೆ ಬೀಸುತ್ತಿದ್ದರೆ ಮಣಿ ಕಟ್ಟಿದ ಫ್ಲೈ ಕಿವಿಗೆ ಬಡಿಯುತ್ತದೆ.

ಸೂರ್ಯ ಗುಡ್ಡದ ಹಿಂದೆ ಸರಿದ ಮೇಲೆ ಶಾಡ್ ಮೇಲೇರಿ, ಮಡುವಿನ ಬಾಲದ ಕಡೆ, ತೆಳುನೀರಿಗೆ ಬರುತ್ತದೆ. ಆ ಮುಕ್ಕಾಲು ಗಂಟೆಗೆ 200 ಗ್ರೇನ್ ಕೂಡ ಭಾರ. ಜೇಬಿನಲ್ಲಿ ಇನ್ನೊಂದು ಸ್ಪೂಲ್‌ನಲ್ಲಿ ನಿಧಾನಕ್ಕೆ ಮುಳುಗುವ ಇಂಟರ್‌ಮೀಡಿಯೆಟ್ ಲೈನ್ ಇಟ್ಟುಕೊಂಡಿರುತ್ತೇನೆ. ಬೆಳಕಿರುವಾಗಲೇ ಬದಲಿಸಿಕೊಳ್ಳಿ, ಕತ್ತಲಲ್ಲಿ ರಾಡಿನ ಉಂಗುರಗಳಿಗೆ ಲೈನ್ ಪೋಣಿಸುವಷ್ಟರಲ್ಲಿ ಆಟ ಮುಗಿದಿರುತ್ತದೆ.

ಪರವಾನಗಿ ನ್ಯೂಜೆರ್ಸಿಯದಾದರೂ ಪೆನ್ಸಿಲ್ವೇನಿಯಾದ್ದಾದರೂ ಈ ಎರಡು ರಾಜ್ಯಗಳ ನಡುವಿನ ಹರಿವಿನಲ್ಲಿ ಸಲ್ಲುತ್ತದೆ. ದಿನಕ್ಕೆ ಎಷ್ಟು ಶಾಡ್ ಒಯ್ಯಬಹುದು ಎಂಬುದನ್ನು ಪ್ರತಿ ವರ್ಷ ನೋಡಿಕೊಳ್ಳಿ, ಮಿತಿ ಬದಲಾಗುತ್ತಿರುತ್ತದೆ. ಮರಿ ಶಾಡ್‌ನಂತೆಯೇ ಕಾಣುವ ನದಿ ಹೆರಿಂಗ್ ಸಿಕ್ಕರೆ ಬಿಡಲೇಬೇಕು. ಶಾಡ್‌ನ ಹುರುಪೆ ಮುಟ್ಟಿದರೆ ಉದುರುತ್ತದೆ, ಬಿಡುವುದಿದ್ದರೆ ನೀರಿನಲ್ಲಿಟ್ಟೇ ಕೊಕ್ಕೆ ತೆಗೆಯಿರಿ. ಬೂತಾಯಿ ತಿಂದು ಬೆಳೆದ ನನಗೂ ಇದರ ಮುಳ್ಳು ಹೆಚ್ಚಾಯಿತು. ಮೊಟ್ಟೆಗೆ ಮೆಣಸಿನ ಮಸಾಲೆ ಹಚ್ಚಿ ಕಾವಲಿಯಲ್ಲಿ ಕಾಯಿಸಿದರೆ ಮಾತ್ರ ತಕರಾರಿಲ್ಲ.

ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ರಾಡ್ ಹಳೆಯದನ್ನು ಕೊಳ್ಳಿ, ಲೈನ್ ಹೊಸದನ್ನು ಕೊಳ್ಳಿ. ಬಿರುಕು ಬಿಟ್ಟ ಲೈನ್ ಉಂಗುರಗಳಲ್ಲಿ ಜಾರುವುದಿಲ್ಲ. 7ನೇ ನಂಬರಿನ ರಾಡ್ ಜೂನ್ ನಂತರವೂ ವ್ಯರ್ಥವಾಗಿ ಕೂರುವುದಿಲ್ಲ. ಭಾರದ ಲೈನನ್ನು ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಿಟ್ಟು, ಅದೇ ರಾಡಿಗೆ ತೇಲುವ ಲೈನ್ ಹಾಕಿ ಅದೇ ನದಿಯಲ್ಲಿ ಸ್ಮಾಲ್‌ಮೌತ್ ಬಾಸ್ ಹಿಡಿಯಬಹುದು.