ಡಿಸ್‌ಪ್ರಾಕ್ಸಿಯಾ ಇಟ್ಟುಕೊಂಡು ಅಡುಗೆ: ನಾನು ಮಾಡುವ ಕ್ರಮ

ನನಗೆ ಡಿಸ್‌ಪ್ರಾಕ್ಸಿಯಾ ಇದೆ, ಅಂದರೆ ಕೈಕಾಲಿನ ಚಲನೆಗಳನ್ನು ಹೊಂದಿಸಿಕೊಂಡು ಕೆಲಸ ಮಾಡಲು ಕಷ್ಟವಾಗುವ ತೊಂದರೆ. ಇದು ಬುದ್ಧಿಯ ಕೊರತೆಯಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಯಾವ ಚಲನೆ ಮೊದಲು, ಯಾವುದು ಆಮೇಲೆ, ಎಷ್ಟು ಒತ್ತಬೇಕು ಎಂಬ ಲೆಕ್ಕ ಸುಲಭಕ್ಕೆ ರೂಢಿಗೆ ಬರುವುದಿಲ್ಲ. ದಿನವೂ ಮಾಡುವ ಕೆಲಸಕ್ಕೂ ಗಮನ ಕೊಡಬೇಕು. ಮಾತಾಡುತ್ತಾ ಕಾಫಿ ಬಗ್ಗಿಸಿದರೆ ಚೆಲ್ಲುವುದು ಅದಕ್ಕೇ. ಚೆಂಡು ಹಿಸುಕುವ ವ್ಯಾಯಾಮ ಎಷ್ಟು ಮಾಡಿದರೂ ಈರುಳ್ಳಿ ಹೆಚ್ಚಲು ಬರುವುದಿಲ್ಲ. ಈರುಳ್ಳಿ ಹೆಚ್ಚಿಯೇ ಕಲಿಯಬೇಕು, ಆದರೆ ಹಂತಹಂತವಾಗಿ.

ಮೊದಲು ಮಣೆಯ ಕೆಳಗೆ ಒದ್ದೆ ಮಾಡಿ ಹಿಂಡಿದ ಬಟ್ಟೆ ಹಾಸುತ್ತೇನೆ. ಮಣೆ ಜಾರಿದರೆ ಎಡಗೈ ಅದನ್ನು ಹಿಡಿಯಲು ಓಡುತ್ತದೆ, ಬೆರಳು ಕೊಯ್ದುಕೊಳ್ಳುವುದು ಆಗಲೇ. ಈಳಿಗೆಮಣೆ ನನಗೆ ಬೇಡ: ಅಲ್ಲಿ ಎರಡೂ ಕೈ ಅಲುಗಿನತ್ತ ಹೋಗುತ್ತವೆ. ಚಾಕುವಾದರೆ ಒಂದು ಕೈ ಸುಮ್ಮನಿರುತ್ತದೆ. ದಪ್ಪ ಹಿಡಿ, ಸುಮಾರು 15 ಸೆಂ.ಮೀ. ಅಲುಗು, ಚೆನ್ನಾಗಿ ಹರಿತ ಇರಲಿ. ಮೊಂಡಾದರೆ ಜಾಸ್ತಿ ಒತ್ತಬೇಕಾಗುತ್ತದೆ, ಒತ್ತಿದಷ್ಟೂ ಜಾರುತ್ತದೆ. ಈರುಳ್ಳಿಯನ್ನು ಉದ್ದಕ್ಕೆ ಸೀಳಿ, ಚಪ್ಪಟೆ ಮೈ ಕೆಳಗಿಟ್ಟು, ಬೇರಿನ ತುದಿ ಹಾಗೇ ಬಿಟ್ಟು ಹೆಚ್ಚಿ. ಆ ತುದಿ ತೆಗೆದರೆ ಪದರಗಳು ಬಿಟ್ಟುಕೊಂಡು ಉರುಳಾಡುತ್ತವೆ. ಹಿಡಿದ ಕೈಯ ಬೆರಳ ತುದಿ ಒಳಕ್ಕೆ ಮಡಚಿರಲಿ.

ಬಿಸಿ ಹಾಲಿನ ಪಾತ್ರೆಯನ್ನು ಇಕ್ಕಳದಲ್ಲಿ ಎತ್ತಿ ಬಗ್ಗಿಸುವುದು ನಮ್ಮಂಥವರಿಗೆ ಅತಿ ಕಷ್ಟದ ಕೆಲಸ, ಪಾತ್ರೆ ತೂಗಾಡುತ್ತದೆ. ಹಿಡಿ ಮತ್ತು ಮೂತಿ ಇರುವ ಪಾತ್ರೆ ಬಳಸಿ, ಇಲ್ಲವೇ ಸೌಟಿನಲ್ಲಿ ಹಾಕಿಕೊಳ್ಳಿ. ಲೋಟ ಕೈಯಲ್ಲಿರಬಾರದು, ಕಟ್ಟೆಯ ಮೇಲೆ, ಅಂಚಿರುವ ತಟ್ಟೆಯೊಳಗಿರಲಿ. ಮುಕ್ಕಾಲು ಲೋಟಕ್ಕೇ ನಿಲ್ಲಿಸಿ.

ಒಗ್ಗರಣೆಯಲ್ಲಿ ಕೈ ಚಳಕಕ್ಕಿಂತ ಹೊತ್ತಿನದೇ ಗೋಳು. ಸಾಸಿವೆ ಸಿಡಿಯುವಾಗ ಇಂಗಿನ ಡಬ್ಬಿಯ ಮುಚ್ಚಳದೊಂದಿಗೆ ಗುದ್ದಾಡಿದರೆ ಉದ್ದಿನಬೇಳೆ ಕರಕಲಾಗುತ್ತದೆ. ಒಲೆ ಹಚ್ಚುವ ಮೊದಲೇ ಎಲ್ಲವನ್ನೂ ಪುಟ್ಟ ಬಟ್ಟಲುಗಳಲ್ಲಿ, ಹಾಕುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿಡಿ. ತಬ್ಬಿಬ್ಬಾದರೆ ಒಲೆ ಆರಿಸಿ, ಎಣ್ಣೆ ಒಂದಿಷ್ಟು ಹೊತ್ತು ಬಿಸಿಯಾಗಿಯೇ ಇರುತ್ತದೆ.

ಚೆಲ್ಲಿದಾಗ ‘ನೋಡಿಕೊಂಡು ಮಾಡಬಾರದಾ?’ ಅನ್ನುವುದರಿಂದ ಏನೂ ಉಪಯೋಗವಿಲ್ಲ. ಕೆನಡಾದಲ್ಲಿ ರೂಪುಗೊಂಡ, ಕೆಲಸವನ್ನು ಮಾಡುತ್ತಲೇ ಕಲಿಯುವ ಕೋ-ಆಪ್ (CO-OP) ವಿಧಾನದಲ್ಲಿ ಗುರಿ, ಯೋಜನೆ, ಮಾಡುವುದು, ಪರೀಕ್ಷಿಸುವುದು ಎಂಬ ನಾಲ್ಕು ಹೆಜ್ಜೆಗಳಿವೆ. ಲೋಟ ದೂರವಿತ್ತೇ, ಕೈ ಬೇಗ ಬಾಗಿತೇ ಎಂದು ಹುಡುಕಿ, ಮುಂದಿನ ಸಲ ಅದೊಂದನ್ನೇ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದು. ಇದನ್ನು ಕಲಿಸಲು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಸಿಕ್ಕರೆ ಒಳ್ಳೆಯದು.

ಒಂದು ಎಚ್ಚರಿಕೆ: ಈ ತೊಂದರೆ ಚಿಕ್ಕಂದಿನಿಂದಲೇ ಇರುತ್ತದೆ. ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಕೈ ತಡವರಿಸಿದರೆ ಅದು ಬೇರೆಯೇ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

ದಣಿದಾಗ ತಪ್ಪು ಹೆಚ್ಚು. ರಾತ್ರಿಯ ಅಡುಗೆಗೆ ಬೇಕಾದ ತರಕಾರಿಯನ್ನೂ ಬೆಳಿಗ್ಗೆಯೇ ಹೆಚ್ಚಿ ಫ್ರಿಜ್‌ನಲ್ಲಿಡುತ್ತೇನೆ.